ಚಕ್ರದ ಬದಲು ಹಲಗೆ ಕಟ್ಟಿದ ವಿಮಾನ: ವಿಡಿಯೋ ನಿಜ, ಅದರ ಜೊತೆ ಬರುವ ಮಾತುಗಳು ಎಷ್ಟು ನಿಜ?

ಚಳಿಗಾಲ ಶುರುವಾದರೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಬಗೆಯ ವಿಡಿಯೋ ತಪ್ಪದೆ ಬರುತ್ತದೆ. ಸುತ್ತಲೂ ಬರೀ ಬಿಳುಪು. ಜೀಪಿನಷ್ಟೇ ಜಾಗ ಇರುವ ಪುಟ್ಟ ವಿಮಾನವೊಂದು ಮೇಲಿನಿಂದ ಬಂದು ಹಿಮದ ಮೇಲೆ ಜಾರಿಕೊಂಡು ನಿಲ್ಲುತ್ತದೆ. ಕೆಳಗೆ ನೋಡಿದರೆ ಚಕ್ರ ಇಲ್ಲ, ಎರಡು ಉದ್ದನೆಯ ಹಲಗೆ. ಪುಣಜನೂರಿನ ನಮ್ಮ ಮಾವ ಇದನ್ನು ಕಳಿಸಿ, ಜೊತೆಗೆ ಒಂದು ವಾಯ್ಸ್ ಮೆಸೇಜ್ ಹಾಕಿದ್ದರು: "ಚಕ್ರ ಮುರುದೋಗಿ ಮರದ ಹಲಗೆ ಮ್ಯಾಲೆ ಇಳ್ಸವ್ರೆ ಅಂತ ಬರ್ದವ್ರೆ. ದಿಟವಾ ಸುಳ್ಳಾ, ಓದಿರೋಳು ನೀನೇ ಹೇಳವ್ವ."

ವಿಡಿಯೋ ದಿಟ, ಒಕ್ಕಣೆ ಸುಳ್ಳು. ಚಕ್ರ ಮುರಿದಿಲ್ಲ. ಬೇಕೆಂದೇ ಬಿಚ್ಚಿಟ್ಟು, ಆ ಜಾಗಕ್ಕೆ ಸ್ಕೀ ಕಟ್ಟಿದ್ದಾರೆ. ಅಮೆರಿಕದ ಅಲಾಸ್ಕಾ, ಕೆನಡಾ, ನಾರ್ವೆ, ಸ್ವೀಡನ್ ಕಡೆ ಇದು ಚಳಿಗಾಲದ ಮಾಮೂಲಿ ಹವ್ಯಾಸ. ನಾವು ಭಾನುವಾರ ಬೈಕ್ ಹತ್ತಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುವ ಹಾಗೆ ಅಲ್ಲಿನವರು ಎರಡು ಸೀಟಿನ ಸ್ವಂತ ವಿಮಾನದಲ್ಲಿ ಹೆಪ್ಪುಗಟ್ಟಿದ ಕೆರೆಯ ಮೇಲೆ ಇಳಿದು, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿದು ವಾಪಸ್ ಬರುತ್ತಾರೆ. ಅಮೆರಿಕದ ಓಷ್ಕೋಶ್ ಊರಿನಲ್ಲಿ ಪ್ರತಿ ಚಳಿಗಾಲ ಸ್ಕೀ ವಿಮಾನದವರ ಕೂಟವೇ ನಡೆಯುತ್ತದೆ.

ಮುಂದೆ ಹೋಗುವ ಮೊದಲು ಒಂದು ಪದದ ತಕರಾರು. ಕನ್ನಡದಲ್ಲಿ ನಾವು ಮಂಜು ಎಂದು ಬೆಳಗಿನ ಕಾವಳಕ್ಕೂ ಹೇಳುತ್ತೇವೆ, ಹಿಮಕ್ಕೂ ಹೇಳುತ್ತೇವೆ. ಗುಂಡ್ಲುಪೇಟೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಹೆಸರಲ್ಲೇ ಹಿಮ ಇದೆ, ಆದರೆ ಅಲ್ಲಿ ಬೀಳುವುದು ಹಿಮವಲ್ಲ. ಸುಮಾರು 1,450 ಮೀಟರ್ ಎತ್ತರದಲ್ಲಿ ನೆಲಕ್ಕೆ ತಾಗಿಕೊಂಡಿರುವ ಮೋಡ ಅದು, ಬರೀ ನೀರಿನ ಹನಿ. ಈ ಲೇಖನದಲ್ಲಿ ಮಂಜು ಎಂದರೆ ಆ ನೀರಿನ ಹನಿ, ಹಿಮ ಎಂದರೆ ಮೇಲಿನಿಂದ ಉದುರುವ ಬಿಳಿ ಪುಡಿ, ಮಂಜುಗಡ್ಡೆ ಎಂದರೆ ಐಸ್. ಈ ವ್ಯತ್ಯಾಸ ಮುಂದೆ ಮುಖ್ಯವಾಗುತ್ತದೆ.

ಹಲಗೆ ಮೇಲೆ ಇಳಿಯುವುದು ಹೇಗೆ?

ಚಕ್ರ ಮೆತ್ತನೆಯ ಹಿಮದಲ್ಲಿ ಹೂತುಹೋಗುತ್ತದೆ. ಕೆಸರುಗದ್ದೆಯಲ್ಲಿ ಸೈಕಲ್ ಹೂತ ಹಾಗೆ, ಭಾರವೆಲ್ಲ ಅಂಗೈಯಗಲ ಜಾಗದ ಮೇಲೆ ಬೀಳುತ್ತದೆ. ಅದೇ ಭಾರವನ್ನು ಉದ್ದನೆಯ ಅಗಲ ಹಲಗೆಯ ಮೇಲೆ ಹರಡಿದರೆ ವಿಮಾನ ಹಿಮದ ಮೇಲೆ ತೇಲುತ್ತದೆ. ಹಿಂದೆ ಈ ಹಲಗೆ ಮರದ್ದೇ ಆಗಿತ್ತು. ಈಗ ಅಲ್ಯೂಮಿನಿಯಂ ಅಥವಾ ಫೈಬರ್, ಅಡಿಗೆ ನುಣುಪಾದ ಪ್ಲಾಸ್ಟಿಕ್. ಕೆಲವು ಸ್ಕೀಗಳ ನಡುವಿನ ತೂತಿನಿಂದ ಚಕ್ರ ಸ್ವಲ್ಪ ಹೊರಗೆ ಇಣುಕುತ್ತದೆ, ಹಾಗಾಗಿ ಟಾರು ರನ್‌ವೇ ಮೇಲೂ ಇಳಿಯಬಹುದು. ದುಬಾರಿ ಸ್ಕೀಗಳನ್ನು ಪೈಲಟ್ ಕೂತಲ್ಲಿಂದಲೇ ಮೇಲೆ ಕೆಳಗೆ ಮಾಡಬಹುದು.

ಇಂಥ ವಿಮಾನಕ್ಕೆ ಸ್ಕೀ ಮೇಲಿರುವಾಗ ಬ್ರೇಕ್ ಇಲ್ಲ. ಹಿಮದ ತಡೆಯಿಂದ ತಾನಾಗಿ ನಿಲ್ಲಬೇಕು. ನಿಂತ ಮೇಲೆ ಇನ್ನೊಂದು ಪೀಕಲಾಟ: ಜಾರಿ ಬಂದ ಸ್ಕೀ ಉಜ್ಜಾಟಕ್ಕೆ ಬಿಸಿಯಾಗಿ ಅಡಿಯ ಹಿಮ ಕರಗುತ್ತದೆ, ಕೆಲವೇ ನಿಮಿಷದಲ್ಲಿ ಮತ್ತೆ ಹೆಪ್ಪುಗಟ್ಟಿ ವಿಮಾನವನ್ನು ನೆಲಕ್ಕೆ ಅಂಟಿಸಿಬಿಡುತ್ತದೆ. ಅದಕ್ಕೆ ಅನುಭವಿಗಳು ಮರದ ಕೊಂಬೆಗಳನ್ನು ಹಾಸಿ ಅದರ ಮೇಲೆ ವಿಮಾನ ನಿಲ್ಲಿಸುತ್ತಾರೆ. ಅಂಟಿಕೊಂಡರೆ ಇಳಿದು ರೆಕ್ಕೆ ಹಿಡಿದು ಅಲ್ಲಾಡಿಸಬೇಕು.

ನನಗೆ ತುಂಬಾ ಹಿಡಿಸಿದ್ದು ಅವರು ಕೆರೆಯನ್ನು ಪರೀಕ್ಷೆ ಮಾಡುವ ಬಗೆ. ಗೊತ್ತಿಲ್ಲದ ಕೆರೆಯಾದರೆ ಪೈಲಟ್ ಒಂದೇ ಸಲಕ್ಕೆ ನಿಲ್ಲಿಸುವುದಿಲ್ಲ. ಸ್ಕೀಯನ್ನು ಹಿಮಕ್ಕೆ ತಾಗಿಸಿ ಗೆರೆ ಎಳೆದ ಹಾಗೆ ಉದ್ದಕ್ಕೆ ಹೋಗಿ ಮತ್ತೆ ಮೇಲೇರುತ್ತಾನೆ. ಒಂದು ಸುತ್ತು ಹಾಕಿ ಬಂದು ಆ ಗೆರೆಯನ್ನು ನೋಡುತ್ತಾನೆ. ಗೆರೆ ಬೆಳ್ಳಗೆ ಇದ್ದರೆ ಸರಿ. ಕಪ್ಪಾಗುತ್ತಾ ಬಂದರೆ ಹಿಮದ ಅಡಿಯಲ್ಲಿ ನೀರು ನಿಂತಿದೆ ಎಂದರ್ಥ, ಅಲ್ಲಿ ನಿಂತರೆ ವಿಮಾನ ಕೆಸರಿಗೆ ಸಿಕ್ಕಿ ಅಲ್ಲೇ ಹೆಪ್ಪುಗಟ್ಟುತ್ತದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಆಲ್ಟನ್ ಬೇ ಎಂಬಲ್ಲಿ ಕೆರೆಯ ಮಂಜುಗಡ್ಡೆಯ ಮೇಲೆಯೇ ಸರ್ಕಾರಿ ದಾಖಲೆಯಲ್ಲಿರುವ ರನ್‌ವೇ ಇದೆ. ಮಂಜುಗಡ್ಡೆ 12 ಅಂಗುಲ ದಪ್ಪ ಆದರೆ ಮಾತ್ರ ತೆರೆಯುತ್ತಾರೆ. ಚಳಿ ಸಾಲದ ವರ್ಷ ಅದು ತೆರೆಯುವುದೇ ಇಲ್ಲ.

"ಚಳಿಯಲ್ಲಿ ಎಂಜಿನ್ ಕೆಲಸ ಮಾಡಲ್ಲ" ಎನ್ನುವುದು ಅರ್ಧ ನಿಜ. ಸ್ಟಾರ್ಟ್ ಮಾಡುವುದು ಕಷ್ಟ, ಆಯಿಲ್ ಜೇನಿನಂತೆ ಗಟ್ಟಿಯಾಗಿರುತ್ತದೆ. ಹಳೆಯ ಕಾಲದ ಪೈಲಟ್‌ಗಳು ರಾತ್ರಿ ಬಿಸಿ ಆಯಿಲನ್ನು ಡಬ್ಬಕ್ಕೆ ಬಸಿದುಕೊಂಡು ಮನೆಯೊಳಗೆ ಒಲೆ ಪಕ್ಕ ಇಟ್ಟು, ಬೆಳಿಗ್ಗೆ ವಾಪಸ್ ಸುರಿಯುತ್ತಿದ್ದರು. ಈಗ ಹೀಟರ್ ಇಟ್ಟು ಎಂಜಿನ್ನನ್ನು ಮೊದಲೇ ಬೆಚ್ಚಗೆ ಮಾಡುತ್ತಾರೆ. ಆದರೆ ಒಮ್ಮೆ ಸ್ಟಾರ್ಟ್ ಆದ ಮೇಲೆ ಚಳಿ ವಿಮಾನಕ್ಕೆ ನೆಂಟ. ತಣ್ಣನೆಯ ಗಾಳಿ ದಟ್ಟ. ಮೈನಸ್ 20 ಡಿಗ್ರಿಯ ಗಾಳಿ ನಮ್ಮ ಏಪ್ರಿಲ್‌ನ 35 ಡಿಗ್ರಿ ಗಾಳಿಗಿಂತ ಹೆಚ್ಚುಕಡಿಮೆ ಐದನೇ ಒಂದು ಭಾಗದಷ್ಟು ಹೆಚ್ಚು ದಟ್ಟವಾಗಿರುತ್ತದೆ. ಎಂಜಿನ್ನಿಗೂ ಬಲ, ರೆಕ್ಕೆಗೂ ಬಲ.

ನಮ್ಮಲ್ಲಿ ಯಾಕಿಲ್ಲ?

"ಹಿಮಾಲಯದಲ್ಲಿ ನಮ್ಮ ಸೈನಿಕರ ಹೊಸ ವಿಮಾನ" ಎಂಬ ಒಕ್ಕಣೆಯಲ್ಲಿ ಇದೇ ಬಗೆಯ ವಿಡಿಯೋ ಬಂದರೆ ನಂಬಬೇಡಿ. ಹಿಮಾಲಯದಲ್ಲಿ ಇಂಥ ಹವ್ಯಾಸಿ ಹಾರಾಟ ನಡೆಯುವುದಿಲ್ಲ. ಅಲ್ಲಿ ಸಮತಟ್ಟು ಜಾಗ ಸಿಗುವುದೇ ಬಹಳ ಎತ್ತರದಲ್ಲಿ. ಅಷ್ಟು ಎತ್ತರದ ತೆಳು ಗಾಳಿಯಲ್ಲಿ 90 ಕುದುರೆ ಶಕ್ತಿಯ ಪುಟ್ಟ ಎಂಜಿನ್ ಉಸಿರು ಕಟ್ಟುತ್ತದೆ. ಗಡಿ ಪ್ರದೇಶ ಬೇರೆ, ಸೇನೆಯ ಕಣ್ಣು ತಪ್ಪಿಸಿ ಯಾರೂ ಖುಷಿಗೆ ಹಾರಿಸುವಂತಿಲ್ಲ.

ಸ್ಕೀ ವಿಮಾನ ಖುಷಿಗೆ ಹುಟ್ಟಿದ್ದೂ ಅಲ್ಲ. 1946ರ ನವೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಗೌಲಿ ಹಿಮನದಿಯ ಮೇಲೆ ಅಮೆರಿಕ ಸೇನೆಯ ಡಕೋಟ ವಿಮಾನವೊಂದು ದಾರಿ ತಪ್ಪಿ ಬಿತ್ತು. ಒಳಗಿದ್ದ 12 ಜನರೂ ಬದುಕುಳಿದು ಹಲವು ದಿನ ಹಿಮದಲ್ಲಿ ಕಾದರು. ಕೊನೆಗೆ ಸ್ವಿಸ್ ಪೈಲಟ್‌ಗಳು ಸ್ಟಾರ್ಕ್ ಎಂಬ ಎರಡು ಸಣ್ಣ ವಿಮಾನಗಳಿಗೆ ಸ್ಕೀ ಕಟ್ಟಿ, ಹಿಮನದಿಯ ಮೇಲೇ ಇಳಿದು, ಮತ್ತೆ ಮತ್ತೆ ಹೋಗಿ ಬಂದು ಎಲ್ಲರನ್ನೂ ಕರೆತಂದರು. ಪ್ರವಾಸಿಗಳಿಗಾಗಿ ಹಿಮನದಿಯ ಮೇಲೆ ಇಳಿಸುವ ವ್ಯವಹಾರ ಆಮೇಲಿನದು. ನ್ಯೂಜಿಲೆಂಡ್‌ನ ಹ್ಯಾರಿ ವಿಗ್ಲಿ 1955ರ ಸೆಪ್ಟೆಂಬರ್‌ನಲ್ಲಿ ಟಾಸ್ಮನ್ ಹಿಮನದಿಯ ಮೇಲೆ ಇಳಿದಾಗ ಅದು ಶುರುವಾಯಿತು.

ಡಕೋಟ ಹೆಸರು ನಮಗೂ ಗೊತ್ತಿರುವುದೇ. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್ ಮೊದಲ ಬಾರಿಗೆ ಲೇಹ್‌ನಲ್ಲಿ ಡಕೋಟ ಇಳಿಸಿದರು, ಮರಳಿನ ಮೇಲೆ ಅವಸರದಲ್ಲಿ ಮಾಡಿದ ರನ್‌ವೇಯಲ್ಲಿ. ಆ ವಿಮಾನದಲ್ಲಿ ಅವರ ಜೊತೆ ಕೂತಿದ್ದವರು ನಮ್ಮ ಕೊಡಗಿನ ಕೆ. ಎಸ್. ತಿಮ್ಮಯ್ಯ. ಅದು ಚಕ್ರದ ಮೇಲೆ ಇಳಿದ ವಿಮಾನ. ಅದೇ ಡಕೋಟದ ಹಳೆಯ ಮೈಗೆ ಹೊಸ ಟರ್ಬೈನ್ ಎಂಜಿನ್ ಜೋಡಿಸಿ, ಕೆಳಗೆ ಸ್ಕೀ ಕಟ್ಟಿದ ಬಾಸ್ಲರ್ ಎಂಬ ವಿಮಾನ ಇವತ್ತು ಅಂಟಾರ್ಕ್ಟಿಕಾದಲ್ಲಿ ಓಡಾಡುತ್ತಿದೆ. ಕೇಪ್‌ಟೌನ್‌ನಿಂದ ದೊಡ್ಡ ವಿಮಾನದಲ್ಲಿ ಮಂಜುಗಡ್ಡೆಯ ರನ್‌ವೇಗೆ ಹೋಗಿ, ಅಲ್ಲಿಂದ ದೂರದ ನೆಲೆಗಳಿಗೆ ಹೋಗುವ ವಿಜ್ಞಾನಿಗಳು ಹತ್ತುವುದು ಇದನ್ನೇ. ಮೈತ್ರಿ ಮತ್ತು ಭಾರತಿ ನೆಲೆಗಳಿಗೆ ಹೋಗುವ ಭಾರತೀಯರಿಗೂ ಇದು ಪರಿಚಿತ. ಹಾಗಾಗಿ ಭಾರತೀಯರಿಗೂ ಸ್ಕೀ ವಿಮಾನಕ್ಕೂ ಸಂಬಂಧವೇ ಇಲ್ಲ ಎನ್ನುವಂತಿಲ್ಲ.

ಇನ್ನೂ ಹತ್ತಿರದ ನಂಟು ಬೆಂಗಳೂರಿನಲ್ಲಿದೆ. ಎಚ್‌ಎಎಲ್ 1958ರಲ್ಲಿ ಮೊದಲ ಬಾರಿಗೆ ಹಾರಿಸಿದ ಪುಷ್ಪಕ್ ಎರಡು ಸೀಟಿನ, ಬಟ್ಟೆ ಹೊದಿಸಿದ, ಮೇಲು ರೆಕ್ಕೆಯ, ಬಾಲದಲ್ಲಿ ಪುಟ್ಟ ಚಕ್ರವಿರುವ ವಿಮಾನ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಪೈಲಟ್‌ಗಳು ಅದರಲ್ಲೇ ಕಲಿತರು. ಅಲಾಸ್ಕಾದ ವಿಡಿಯೋದಲ್ಲಿರುವ ಎರಡು ಸೀಟಿನ ವಿಮಾನವನ್ನೂ ಪುಷ್ಪಕ್‌ನ ಫೋಟೊವನ್ನೂ ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಕಾಂಟಿನೆಂಟಲ್ ಕಂಪನಿಯ ಅದೇ ಬಗೆಯ ಎಂಜಿನ್ ಕೂಡ.

ಮಂಜುಗಡ್ಡೆ ಪುಣಜನೂರಿನ ಹವೆಯಲ್ಲೂ ಕಟ್ಟುತ್ತದೆ

ಆ ಎಂಜಿನ್‌ನಲ್ಲಿ ಕಾರ್ಬ್ಯುರೇಟರ್ ಇದೆ. "ಐಸ್ ಸಮಸ್ಯೆ ಎಲ್ಲ ಚಳಿ ದೇಶದವರಿಗೆ, ನಮಗೇಕೆ" ಎಂಬ ನಂಬಿಕೆ ಮುರಿಯುವುದು ಇಲ್ಲಿಯೇ.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯಜ್ದಿ ಬೈಕ್ ಬಿಚ್ಚಿದವರಿಗೆ ಕಾರ್ಬ್ಯುರೇಟರ್ ಹೊಸದಲ್ಲ. ಗಾಳಿ ಒಂದು ಕಿರಿದಾದ ಕೊರಳಿನೊಳಗೆ ನುಗ್ಗುತ್ತದೆ, ಅಲ್ಲಿ ಪೆಟ್ರೋಲ್ ಆವಿಯಾಗಿ ಅದಕ್ಕೆ ಬೆರೆಯುತ್ತದೆ. ಆವಿಯಾಗುವ ಯಾವುದೇ ದ್ರವ ಸುತ್ತಲಿನ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕೈಗೆ ಸ್ಯಾನಿಟೈಸರ್ ಹಾಕಿದಾಗ ತಣ್ಣಗಾಗುವುದು ಇದಕ್ಕೇ. ಮದುವೆ ಮನೆಯಲ್ಲಿ ಒಂದೇ ಸಮನೆ ದೊಡ್ಡ ಒಲೆ ಉರಿಸಿದರೆ ಗ್ಯಾಸ್ ಸಿಲಿಂಡರ್‌ನ ಹೊರಮೈಗೆ ಬೆಳ್ಳಗೆ ಹಿಮ ಹಿಡಿಯುವುದನ್ನು ನೋಡಿರುತ್ತೀರಿ, ಅದೂ ಇದೇ ಲೆಕ್ಕ. ಕಾರ್ಬ್ಯುರೇಟರ್ ಒಳಗೆ ಗಾಳಿಯ ಉಷ್ಣಾಂಶ 30 ಡಿಗ್ರಿಗಿಂತ ಹೆಚ್ಚು ಇಳಿಯಬಹುದು. ಹೊರಗೆ 16 ಡಿಗ್ರಿ ಇದ್ದರೆ ಒಳಗೆ ಸೊನ್ನೆಗಿಂತ ಕೆಳಗೆ. ಗಾಳಿಯಲ್ಲಿರುವ ತೇವ ಅಲ್ಲೇ ಮಂಜುಗಡ್ಡೆಯಾಗಿ ಕೊರಳನ್ನು ಮುಚ್ಚುತ್ತಾ ಬರುತ್ತದೆ, ಎಂಜಿನ್ ಉಸಿರುಗಟ್ಟಿ ನಿಲ್ಲುತ್ತದೆ.

ಅಮೆರಿಕದ ವಿಮಾನಯಾನ ಆಡಳಿತ ಪೈಲಟ್‌ಗಳಿಗೆ ಕಲಿಸುವ ಪುಸ್ತಕದಲ್ಲಿ ಇದರ ಲೆಕ್ಕ ಕೊಡುತ್ತದೆ. ಹೊರಗಿನ ಉಷ್ಣಾಂಶ 21 ಡಿಗ್ರಿಗಿಂತ ಕಡಿಮೆ, ಗಾಳಿಯ ತೇವ ಶೇ. 80ಕ್ಕಿಂತ ಹೆಚ್ಚು ಇದ್ದಾಗ ಈ ಅಪಾಯ ಎಲ್ಲಕ್ಕಿಂತ ಜಾಸ್ತಿ. 38 ಡಿಗ್ರಿ ಸೆಕೆಯಲ್ಲೂ ಆಗಬಹುದು. ಈಗ ಡಿಸೆಂಬರ್ ಬೆಳಿಗ್ಗೆ ಆರೂವರೆಗೆ ಪುಣಜನೂರು ಚೆಕ್‌ಪೋಸ್ಟ್ ಹತ್ತಿರ ನಿಂತ ಹಾಗೆ ಊಹಿಸಿಕೊಳ್ಳಿ. ದಿಂಬಂ ಕಡೆಯಿಂದ ಮಂಜು ಇಳಿದು ಲಾರಿಗಳ ಹೆಡ್‌ಲೈಟ್ ಮಬ್ಬಾಗಿದೆ, ಗಾಜಿನ ಮೇಲೆ ನೀರು ಹರಿಯುತ್ತಿದೆ, ಶಾಲು ಹೊದ್ದರೆ ಸಾಕು ಎನ್ನುವಷ್ಟು ಚಳಿ. ಪುಸ್ತಕ ಹೇಳುವ ಅಪಾಯದ ಹವೆ ಇದೇ. ಅಲಾಸ್ಕಾದ ಮೈನಸ್ 25 ಡಿಗ್ರಿಯ ಒಣ ಗಾಳಿಯಲ್ಲಿ ತೇವವೇ ಇಲ್ಲದ್ದರಿಂದ ಕಾರ್ಬ್ಯುರೇಟರ್ ಕಟ್ಟಿಕೊಳ್ಳುವ ಸಾಧ್ಯತೆ ಕಡಿಮೆ. ಅಂದರೆ ಈ ಒಂದು ವಿಷಯದಲ್ಲಿ ಮೈಸೂರಿನ ಮಂಡಕಳ್ಳಿಯಿಂದಲೋ ಬೆಂಗಳೂರಿನ ಜಕ್ಕೂರಿನಿಂದಲೋ ಬೆಳಿಗ್ಗೆ ಏಳುವ ಕಾರ್ಬ್ಯುರೇಟರ್ ಇರುವ ತರಬೇತಿ ವಿಮಾನ ಹಿಮದ ಮೇಲಿನ ವಿಮಾನಕ್ಕಿಂತ ಹೆಚ್ಚು ಎಚ್ಚರದಲ್ಲಿರಬೇಕು.

ಇದಕ್ಕೆ ಪರಿಹಾರವೂ ವಿಮಾನದಲ್ಲೇ ಇದೆ. ಒಂದು ಹಿಡಿ ಎಳೆದರೆ ಸೈಲೆನ್ಸರ್ ಸುತ್ತಲಿನ ಬಿಸಿ ಗಾಳಿ ಕಾರ್ಬ್ಯುರೇಟರ್‌ಗೆ ಬರುತ್ತದೆ. ತಮಾಷೆ ಎಂದರೆ, ಹಿಡಿ ಎಳೆದ ತಕ್ಷಣ ಎಂಜಿನ್ ಇನ್ನೂ ಕೆಟ್ಟದಾಗಿ ಕೆಮ್ಮುತ್ತದೆ, ಕರಗಿದ ನೀರು ಒಳಗೆ ಹೋಗುವುದರಿಂದ. ಹೊಸಬರು ಹೆದರಿ ಹಿಡಿಯನ್ನು ವಾಪಸ್ ತಳ್ಳಿದರೆ ಕಥೆ ಮುಗಿಯಿತು. ತಡೆದುಕೊಂಡರೆ ಅರ್ಧ ನಿಮಿಷದಲ್ಲಿ ಸರಿಹೋಗುತ್ತದೆ. ನಾವು ಟಿಕೆಟ್ ತೆಗೆದು ಹತ್ತುವ ದೊಡ್ಡ ವಿಮಾನಗಳಲ್ಲಿ ಕಾರ್ಬ್ಯುರೇಟರ್ ಇಲ್ಲ, ಹೊಸ ಸಣ್ಣ ವಿಮಾನಗಳಲ್ಲೂ ಹಲವಕ್ಕೆ ಇಲ್ಲ. ಆದ್ದರಿಂದ ಇದನ್ನು "ವಿಮಾನ ಹತ್ತಬೇಡಿ" ಅಂತ ಫಾರ್ವರ್ಡ್ ಮಾಡಬೇಡಿ.

ರೆಕ್ಕೆಯ ಮೇಲೆ ಕೂರುವ ಹಿಮದ ಪುಡಿಯ ಬಗ್ಗೆ ಒಂದೇ ಮಾತು. ಮರಗೆಲಸದವರ ಉಪ್ಪು ಕಾಗದದಷ್ಟು ಒರಟಾದ ತೆಳು ಪದರ ಇದ್ದರೂ ರೆಕ್ಕೆಯ ಎತ್ತುವ ಬಲ ಶೇ. 30ರವರೆಗೆ ಕುಸಿಯಬಹುದು. ಭಾರದಿಂದಲ್ಲ, ಗಾಳಿಯ ಹರಿವು ಕೆಡುವುದರಿಂದ. ಅದಕ್ಕೇ ಸ್ಕೀ ವಿಮಾನದವರು ರಾತ್ರಿ ರೆಕ್ಕೆಗೆ ಬಟ್ಟೆ ಹೊದಿಸಿ ಮಲಗುತ್ತಾರೆ.

ಬೆಚ್ಚಗಿನ ಕ್ಯಾಬಿನ್, ವಾಸನೆ ಇಲ್ಲದ ವಿಷ

ಇನ್ನು ಈ ವಿಷಯದಲ್ಲಿ ನಮ್ಮ ಮನೆಗೆ ನೇರವಾಗಿ ತಾಗುವ ಭಾಗ. ಸಣ್ಣ ವಿಮಾನದ ಒಳಗೆ ಬೆಚ್ಚಗಿಡುವ ಹೀಟರ್ ಬಹಳ ಸರಳ: ಸೈಲೆನ್ಸರ್ ಸುತ್ತ ಒಂದು ತಗಡಿನ ಕವಚ, ಅದರೊಳಗೆ ಹಾದು ಬಿಸಿಯಾದ ಗಾಳಿ ಕ್ಯಾಬಿನ್ನಿಗೆ. ಸೈಲೆನ್ಸರ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಆ ಗಾಳಿಯ ಜೊತೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕಣ್ಣು ಉರಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ಹೊಟ್ಟೆ ತೊಳಸುವುದು, ಆಮೇಲೆ ಮಂಪರು.

2019ರ ಜನವರಿ 21ರ ರಾತ್ರಿ ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಫ್ರಾನ್ಸ್‌ನಿಂದ ಬ್ರಿಟನ್‌ಗೆ ಒಂದೇ ಎಂಜಿನ್‌ನ ಸಣ್ಣ ವಿಮಾನದಲ್ಲಿ ಹೊರಟಿದ್ದರು. ವಿಮಾನ ಸಮುದ್ರಕ್ಕೆ ಬಿತ್ತು. ಬ್ರಿಟನ್‌ನ ತನಿಖಾ ಸಂಸ್ಥೆ ಸಾಲಾ ಅವರ ರಕ್ತ ಪರೀಕ್ಷಿಸಿದಾಗ ಹಿಮೋಗ್ಲೋಬಿನ್‌ನ ಶೇ. 58ರಷ್ಟನ್ನು ಕಾರ್ಬನ್ ಮಾನಾಕ್ಸೈಡ್ ಹಿಡಿದಿತ್ತು. ಶೇ. 50 ದಾಟಿದರೆ ಪ್ರಾಣಕ್ಕೇ ಅಪಾಯ. ಪೈಲಟ್ ಮೇಲೂ ಅದೇ ವಿಷ ಪರಿಣಾಮ ಬೀರಿರಬಹುದು ಎಂದು ತನಿಖೆ ಹೇಳಿತು. ಕ್ಯಾಬಿನ್ನಿನಲ್ಲಿ ಎಚ್ಚರಿಸುವ ಸಾಧನ ಇದ್ದಿದ್ದರೆ ಏನಾಗುತ್ತಿತ್ತೋ. ಹವ್ಯಾಸಿ ಪೈಲಟ್‌ಗಳಲ್ಲಿ ಅನೇಕರು ಈಗ ಅಂಗೈಯಗಲದ ಅಂಥ ಸಾಧನವನ್ನು ಡ್ಯಾಶ್‌ಬೋರ್ಡ್‌ಗೆ ಸಿಕ್ಕಿಸಿಕೊಳ್ಳುತ್ತಾರೆ.

ವಿಮಾನ ಬಿಡಿ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿ ನೀವು ಓದಿಯೇ ಇರುತ್ತೀರಿ. ಅವರನ್ನು ಕೊಲ್ಲುವುದು ಇದೇ ಅನಿಲ. ಬಿಳಿಗಿರಿರಂಗನ ಬೆಟ್ಟ, ಊಟಿ, ಕೊಡಗಿನ ಕಡೆ ಟೆಂಟಿನಲ್ಲೋ ಹೋಂಸ್ಟೇಯಲ್ಲೋ ಉಳಿಯುವವರು ಬಾರ್ಬೆಕ್ಯೂ ಒಲೆಯನ್ನು ಊಟವಾದ ಮೇಲೆ "ಹೆಂಗೂ ಬಿಸಿ ಇದೆಯಲ್ಲ" ಎಂದು ಒಳಗೆ ತಂದಿಟ್ಟುಕೊಳ್ಳುತ್ತಾರೆ. ದಿಂಬಂ ಘಾಟಿಯಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧ ಇರುವುದರಿಂದ ಬೆಳಗಾಗುವವರೆಗೆ ಈ ಬದಿಯಲ್ಲಿ ಕಾಯುವ ಲಾರಿಯವರಿಗೂ ಇದು ಅನ್ವಯ. ಗಾಜು ಏರಿಸಿ ಕ್ಯಾಬಿನ್ನಿನೊಳಗೆ ಸ್ಟೌ ಹಚ್ಚಿಕೊಂಡು ಮಲಗಬಾರದು.

"ಹೊಗೆ ಬರುತ್ತಿದ್ದರೆ ತಾನೆ ಅಪಾಯ, ಕೆಂಡ ಚೆನ್ನಾಗಿ ನಿಗಿನಿಗಿ ಆದಮೇಲೆ ಒಳಗಿಡಬಹುದು" ಎಂದು ಹಿರಿಯರೂ ಹೇಳುತ್ತಾರೆ. ಇದು ತಪ್ಪು. ಹೊಗೆ ನಿಂತ ಕೆಂಡವೇ ಕಾರ್ಬನ್ ಮಾನಾಕ್ಸೈಡನ್ನು ಧಾರಾಳವಾಗಿ ಬಿಡುವುದು. ಹೊಗೆ ಇದ್ದರೆ ಕೆಮ್ಮಾದರೂ ಬಂದು ಎಚ್ಚರವಾಗುತ್ತದೆ. ಅಜ್ಜಿಯ ಕಾಲದಲ್ಲಿ ಅಗ್ಗಿಷ್ಟಿಕೆ ಇಟ್ಟುಕೊಂಡು ಏನೂ ಆಗಲಿಲ್ಲವಲ್ಲ ಎಂದರೆ, ಆ ಮನೆಗೆ ನಾಡಹೆಂಚಿನ ಸೂರು ಇತ್ತು, ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಇವತ್ತಿನ ಆರ್‌ಸಿಸಿ ಕೋಣೆಗೆ ಅಲ್ಯೂಮಿನಿಯಂ ಕಿಟಕಿ ಎಳೆದರೆ ಇರುವೆ ನುಗ್ಗಲೂ ಜಾಗ ಇರುವುದಿಲ್ಲ.

ಕೋಣೆಯಲ್ಲಿ ಒಂದು ಬಟ್ಟಲು ನೀರಿಟ್ಟರೆ ವಿಷಗಾಳಿಯನ್ನು ಅದು ಹೀರುತ್ತದೆ ಎಂಬ ಫಾರ್ವರ್ಡ್ ಕೂಡ ಇದೆ. ಕಾರ್ಬನ್ ಮಾನಾಕ್ಸೈಡ್ ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಕರೆಂಟ್ ಹೀಟರ್ ಹಾಕಿದಾಗ ಚರ್ಮ ಒಣಗದಿರಲಿ ಎಂದು ನೀರಿಡುವ ಅಭ್ಯಾಸವೇ ಹೀಗೆ ಬೇರೆ ಅರ್ಥ ಪಡೆದಿರಬೇಕು, ಇದು ನನ್ನ ಊಹೆ. ಈರುಳ್ಳಿ, ತುಳಸಿ ಗಿಡ ಯಾವುದೂ ಕೆಲಸ ಮಾಡುವುದಿಲ್ಲ.

ಕೊನೆಯದಾಗಿ, ಕೋವಿಡ್ ಸಮಯದಲ್ಲಿ ಕೊಂಡ ಆಕ್ಸಿಮೀಟರ್. ಕೆಂಡದ ಕೋಣೆಯಲ್ಲಿ ಯಾರಾದರೂ ತಲೆಸುತ್ತಿ ಬಿದ್ದಾಗ ಅದನ್ನು ಬೆರಳಿಗೆ ಹಾಕಿ 98 ತೋರಿಸಿತು ಎಂದು ಸುಮ್ಮನಾಗಬೇಡಿ. ಮನೆಯ ಸಾಧಾರಣ ಆಕ್ಸಿಮೀಟರ್‌ಗೆ ಆಮ್ಲಜನಕ ಹಿಡಿದ ರಕ್ತಕ್ಕೂ ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ, ವಿಷ ಏರಿದ್ದರೂ ಚೆನ್ನಾಗಿದೆ ಎಂದೇ ತೋರಿಸುತ್ತದೆ. ಒಂದೇ ಕೋಣೆಯಲ್ಲಿದ್ದ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ವಾಂತಿ ಶುರುವಾದರೆ ರಾತ್ರಿ ಊಟ ಕೆಟ್ಟಿತ್ತೇನೋ ಎಂದುಕೊಳ್ಳುವ ಮೊದಲು ಕೆಂಡವನ್ನು ಅನುಮಾನಿಸಿ. ಮೊದಲು ಬಾಗಿಲು ತೆರೆದು ಎಲ್ಲರನ್ನೂ ಬಯಲಿಗೆ ಕರೆತನ್ನಿ, ಆಮೇಲೆ 108ಕ್ಕೆ ಫೋನ್ ಮಾಡಿ, "ಮುಚ್ಚಿದ ಕೋಣೆಯಲ್ಲಿ ಕೆಂಡ ಇತ್ತು" ಎಂಬ ಮಾತನ್ನು ತಪ್ಪದೆ ಹೇಳಿ. ಬರೀ ಗಾಳಿಯಲ್ಲಿ ಕೂತರೆ ರಕ್ತದಲ್ಲಿನ ಈ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯ ಒಳಗೆ ಇಳಿಯುತ್ತದೆ.